ಜನಕಪುರಿಯ ಸೊಂಟನೋವಿನ ಮೇಡಂ

ಅವರ ಹೆಸರನ್ನು ನಾನಿಲ್ಲಿ ಬರೆಯುವ ಹಾಗಿಲ್ಲ. ಅವರೇನೂ ಬೇಡ ಎಂದಿಲ್ಲ. ಕೇಳಿದರೆ ‘ಧಾರಾಳವಾಗಿ ಬರೀರಿ’ ಎನ್ನುವ ಜಾಯಮಾನ ಅವರದು. ತೊಂದರೆ ಇರುವುದು ನಮಗೆ. ಹೆಸರು ಬರೆದರೆ, ಆ ಕಾಲದಲ್ಲಿ ಪಶ್ಚಿಮ ದಿಲ್ಲಿಯಲ್ಲಿ ‘ಸೊಂಟನೋವು’ ಎಂದು ಹೇಳಿ ವಾರಕ್ಕೊಮ್ಮೆ ಮನೆಯಿಂದ ಹೊರಬೀಳುತ್ತಿದ್ದ ಹೆಂಗಸರೆಲ್ಲರ ಗುಟ್ಟು ಇಷ್ಟು ವರ್ಷಗಳ ಮೇಲೆ ಬಯಲಾಗುತ್ತದೆ. ಅವರಲ್ಲಿ ಕೆಲವರು ಈಗಲೂ ನನ್ನ ಸ್ನೇಹಿತೆಯರು. ಒಬ್ಬಾಕೆಯಂತೂ ಬೀಗಿತ್ತಿಯಾಗುವ ಮಾತುಕತೆ ನಡೆದಿದೆ. ಆದ್ದರಿಂದ ಅವರನ್ನು ಎಲ್ಲರೂ ಕರೆಯುತ್ತಿದ್ದ ಹಾಗೆ ಮೇಡಂ ಎಂದೇ ಕರೆಯುತ್ತೇನೆ.

ಎರಡನೆಯ ಹೆರಿಗೆಯಾಗಿ ನಾಲ್ಕು ವರ್ಷವಾಗಿದ್ದರೂ ನನಗೊಂದು ತೊಂದರೆ ಅಂಟಿಕೊಂಡೇ ಇತ್ತು. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಬಟ್ಟೆ ಒದ್ದೆ. ಅದಲ್ಲದೆ ಗಂಟೆಗೊಮ್ಮೆ ಅವಸರ. ನಾನು ಕೆಲಸ ಮಾಡುತ್ತಿದ್ದುದು ಸರ್ಕಾರಿ ಕಚೇರಿಯೊಂದರ ಅನುವಾದ ವಿಭಾಗದಲ್ಲಿ. ಊರು ನೋಡಲು ಬಂದ ನೆಂಟರು ಕುತುಬ್ ಮಿನಾರ್ ಎಲ್ಲಿ, ಕೆಂಪುಕೋಟೆ ಎಲ್ಲಿ ಎಂದು ಕೇಳಿದರೆ ತಡವರಿಸುತ್ತಿದ್ದ ನನಗೆ, ಜನಕಪುರಿಯಿಂದ ಕಚೇರಿಯವರೆಗೆ ಹೆಂಗಸರಿಗೆ ಒಳಗೆ ಬಿಡುವ ಶೌಚಾಲಯಗಳೆಲ್ಲ ಬಾಯಿಪಾಠವಾಗಿದ್ದವು. ಯಾವುದಕ್ಕೆ ಚಿಲಕವಿದೆ, ಯಾವುದಕ್ಕೆ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು ಎಂಬುದೂ. ಮನೆ ಬಿಡುವ ಮೊದಲು ಮೂರು ಸಲ ಹೋಗಿ ಬರುತ್ತಿದ್ದೆ. ಒಂಬತ್ತು ವರ್ಷದ ಮಗಳು ಮೇಘಾ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತು, “ಅಮ್ಮಾ, ಫಿರ್ ಸೇ? ಅಭೀ ತೋ ಹೋಗಿದ್ಯಲ್ಲ!” ಎಂದು ಕಿರುಚುತ್ತಿದ್ದಳು.

ಕನ್ನಡಿಗರು ಸೇರಿ ಆಡಿದ ಒಂದು ಯುಗಾದಿ ನಾಟಕದಲ್ಲಿ ನನ್ನ ಮರ್ಯಾದೆ ಪೂರ್ತಿ ಹೋಗುವುದರಲ್ಲಿತ್ತು. ರಾಜನ ಪಾತ್ರಧಾರಿಯ ಮೀಸೆ ಅರ್ಧ ಕಿತ್ತು ಬಂದು ರಾಣಿಯ ಹೆಗಲಿಗೆ ಅಂಟಿಕೊಂಡಿತು. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ನಾಟಕ ಮುಗಿದು ಎಲ್ಲರೂ ಊಟಕ್ಕೆ ಎದ್ದರೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಗಂಡ ಬಂದು ಕರೆದಾಗ “ನಾಟಕದ ಬಗ್ಗೆ ಯೋಚಿಸ್ತಿದ್ದೀನಿ” ಎಂದೆ. ಅವರು ಅಂಥ ನಾಟಕದಲ್ಲಿ ಯೋಚಿಸುವಂಥದ್ದೇನಿತ್ತು ಎಂದು ತಾವೂ ಯೋಚಿಸುತ್ತ ಹೋಳಿಗೆ ಸಾಲಿನಲ್ಲಿ ನಿಂತರು. ಮಾರನೆಯ ದಿನದಿಂದ ನಾನು ನಗುವುದನ್ನು ಕಮ್ಮಿ ಮಾಡಿದೆ. ಕಚೇರಿಯಲ್ಲಿ ನನ್ನನ್ನು ಗಂಭೀರ ಮನುಷ್ಯಳೆಂದು ತಿಳಿದು ಒಂದು ಸಮಿತಿಗೆ ಸದಸ್ಯಳನ್ನಾಗಿ ಮಾಡಿದರು.

ಮೇಡಂ ವಿಳಾಸ ಕೊಟ್ಟವರು ಪಕ್ಕದ ಮನೆಯ ಪಂಜಾಬಿ ಆಂಟಿ. ನಾನು ಬಟ್ಟೆ ಒಣಹಾಕುವುದನ್ನು ಬಾಲ್ಕನಿಯಿಂದ ಎಷ್ಟು ದಿನದಿಂದ ನೋಡುತ್ತಿದ್ದರೋ ಏನೋ, ಒಂದು ದಿನ ಹತ್ತಿರ ಬಂದು “ಬೇಟಾ, ನಿನಗೂ ಕಮರ್ ದರ್ದ್ ಇದೆಯಲ್ಲವಾ?” ಎಂದು ಹಿಂದಿಯಲ್ಲಿ ಪಿಸುಗುಟ್ಟಿದರು. ನನಗೆ ಸೊಂಟನೋವಿಲ್ಲ ಎಂದೆ. “ಅದೇ, ಆ ಸೊಂಟನೋವು” ಎಂದು ಕಣ್ಣು ಹೊಡೆದರು. ನಂತರ, “ನಿಮ್ಮ ಕಡೆಯವಳೇ. ಮದ್ರಾಸಿ” ಎಂದರು.

ಸರ್ಕಾರದ ಡಿಡಿಎ ಕಟ್ಟಿಸಿದ ಫ್ಲಾಟಿನ ನೆಲಮಹಡಿಯ ಎರಡು ಕೋಣೆ. ಬೋರ್ಡಿನ ಮೇಲೆ ಫಿಸಿಯೋಥೆರಪಿ, ಅದರ ಕೆಳಗೆ ಮಂಡಿ, ಬೆನ್ನು, ಕುತ್ತಿಗೆ ಎಂದಷ್ಟೇ ಇತ್ತು. ಒಳಗೆ ಐವತ್ತರ ಹತ್ತಿರದ, ಕುಳ್ಳಗೆ, ಗಟ್ಟಿಮುಟ್ಟಾದ ಒಬ್ಬ ಹೆಂಗಸು. ಹತ್ತಿಯ ಸೀರೆ, ಕಾಲಿಗೆ ಬಿಳಿಯ ಕ್ಯಾನ್ವಾಸ್ ಷೂ. ಮೇಜಿನ ಮೇಲೆ ಸೊಂಟದ ಮೂಳೆಗಳ ಪ್ಲಾಸ್ಟಿಕ್ ಮಾದರಿ ಇತ್ತು. ಅದರ ಟೊಳ್ಳಿನೊಳಗೆ ಅವರ ಕನ್ನಡಕದ ಡಬ್ಬಿ, ಎರಡು ಪೆನ್ನು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ನನ್ನ ಹೆಸರು ಕೇಳಿ ತಕ್ಷಣ ಕನ್ನಡಕ್ಕೆ ತಿರುಗಿದರು.

“ಹೇಳಿ. ಏನು ತೊಂದರೆ?”

“ಅದು... ಸ್ವಲ್ಪ... ಅದರದ್ದೇ ಸಮಸ್ಯೆ ಮೇಡಂ.”

“ಯಾವುದರದ್ದು?”

“ಅದೇ, ಕೆಮ್ಮಿದಾಗ... ಒಂಥರಾ... ಹಾಗಾಗುತ್ತೆ.”

ಮೇಡಂ ಪೆನ್ನು ಕೆಳಗಿಟ್ಟರು. “ಏನು ಕೆಲಸ ಮಾಡ್ತೀರಿ?”

“ಟ್ರಾನ್ಸ್‌ಲೇಟರು. ಇಂಗ್ಲಿಷಿನಿಂದ ಕನ್ನಡಕ್ಕೆ.”

“ಹಂಗಾದ್ರೆ ನಿಮಗೆ ನಾಮಪದ ಯಾವುದು ಸರ್ವನಾಮ ಯಾವುದು ಗೊತ್ತಿರ್ಬೇಕು. ಇಷ್ಟೊತ್ತು ಬರೀ ಸರ್ವನಾಮ ಹೇಳಿದ್ದೀರಿ. ಒಂದು ನಾಮಪದ ಹೇಳಿ. ಬರ್ಕೋಬೇಕು ನಾನು.”

ಇಂಗ್ಲಿಷಿನಲ್ಲಿ ಹೇಳಲು ಹೊರಟೆ. ಕೈ ಅಡ್ಡ ಹಿಡಿದರು. “ಇಂಗ್ಲಿಷ್ ಬೇಡ. ಅದರಲ್ಲಿ ಹೇಳಿದ್ರೆ ಬೇರೆ ಯಾರಿಗೋ ಆಗಿರೋ ಹಂಗಿರುತ್ತೆ.”

“ಕೆಮ್ಮಿದರೆ ಉಚ್ಚೆ ಹೋಗುತ್ತೆ” ಎಂದೆ. ದಿಲ್ಲಿಗೆ ಬಂದು ಹನ್ನೊಂದು ವರ್ಷದಲ್ಲಿ ಆ ಪದವನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

“ಶಹಭಾಸ್. ಅರ್ಧ ಕೆಲಸ ಆಯ್ತು” ಎಂದು ಮೇಡಂ ಬರೆದುಕೊಂಡರು.

ಆಮೇಲೆ ಮಾದರಿಯೊಳಗಿನ ಬಿಸ್ಕತ್ತು, ಪೆನ್ನುಗಳನ್ನೆಲ್ಲ ತೆಗೆದು ಪಾಠ ಶುರು ಮಾಡಿದರು. ಮುಂದಿನ ಮೂಳೆಯಿಂದ ಹಿಂದೆ ಬೆನ್ನೆಲುಬಿನ ತುದಿಯವರೆಗೆ ಜೋಲಿಯ ಹಾಗೆ ಕಟ್ಟಿಕೊಂಡಿರುವ ಸ್ನಾಯುಗಳು. ಮೇಲೆ ಮೂತ್ರಕೋಶ, ಗರ್ಭಕೋಶ, ಕರುಳಿನ ಕೊನೆಯ ಭಾಗ. “ಮೇಲಿನ ಮೂರು ಮನೆಯವರ ಭಾರವೂ ಈ ನೆಲದ ಮೇಲೆ. ಅವರಿಗೆ ಏನಾದ್ರೂ ಆದ್ರೆ ಎಲ್ಲರೂ ವಿಚಾರಿಸ್ತಾರೆ. ನೆಲದ ಕಡೆ ಯಾರೂ ನೋಡಲ್ಲ” ಎಂದರು. ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ನನ್ನನ್ನೇ ಕೇಳಿದರು. ನಾನು ಅನುವಾದಕಿಯ ಗತ್ತಿನಲ್ಲಿ “ಶ್ರೋಣಿತಲ” ಎಂದೆ. “ಅದ್ಯಾವ ರಾಜಕುಮಾರಿ ಹೆಸರು? ತಳದ ಸ್ನಾಯು ಅಂದ್ರೆ ಸಾಲಲ್ವಾ?” ಎಂದರು. ಸಾಕಾಗಿತ್ತು.

ನಾನು ನನ್ನ ಹೆಮ್ಮೆಯ ವಿಷಯ ಹೇಳಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿ, ಈ ಸ್ನಾಯುಗಳನ್ನು ಬಿಗಿಹಿಡಿಯುವ ವ್ಯಾಯಾಮವನ್ನು ಆರು ತಿಂಗಳಿಂದ ನಾನೇ ಮಾಡುತ್ತಿದ್ದೆ. ದಿನಕ್ಕೆ ಮುನ್ನೂರು ಸಲ. ಬಸ್ಸಿನಲ್ಲಿ, ಕಡತ ಓದುವಾಗ, ಚಪಾತಿ ಲಟ್ಟಿಸುವಾಗ.

“ಕಡಿಮೆ ಆಯ್ತಾ?”

“ಇಲ್ಲ. ಜಾಸ್ತಿ ಆಯ್ತು. ಕೂತರೆ ಬೆನ್ನಿನ ತುದಿ ನೋಯುತ್ತೆ.”

ಮೇಡಂ ಮೊದಲು ಏನೇನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ವಿವರವಾಗಿ ಹೇಳಿದರು. ಬೇಡ ಎಂದರೆ ಯಾವ ಕ್ಷಣದಲ್ಲಾದರೂ ನಿಲ್ಲಿಸುತ್ತೇನೆ ಎಂದರು. ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದರು. ಅವರ ಮಾತು ಆಗ ಎಷ್ಟು ಮೆತ್ತಗಾಯಿತೆಂದರೆ, ಎರಡು ನಿಮಿಷದ ಹಿಂದೆ ನನ್ನ ವ್ಯಾಕರಣ ತಿದ್ದಿದವರು ಇವರೇನಾ ಎನಿಸಿತು.

“ಬಿಗಿ ಹಿಡೀರಿ. ಹಾಂ. ಈಗ ಬಿಡಿ.”

“ಬಿಟ್ಟೆ.”

“ಇಲ್ಲ. ಬಿಡಿ.”

“ಬಿಟ್ಟಿದ್ದೀನಿ ಮೇಡಂ.”

“ನಿಮ್ಮ ಹಲ್ಲು ನೋಡ್ಕೊಳ್ಳಿ.”

ಹಲ್ಲು ಕಚ್ಚಿಕೊಂಡಿದ್ದೆ. ಎರಡೂ ಕೈ ಮುಷ್ಟಿಯಾಗಿದ್ದವು. ಕಾಲಿನ ಹೆಬ್ಬೆರಳೂ ಸೆಟೆದು ನಿಂತಿತ್ತು.

ನಾನು ಎದ್ದು ಕುಳಿತ ಮೇಲೆ ಮೇಡಂ ತಮ್ಮ ಮುಷ್ಟಿಯನ್ನು ಬಿಗಿಯಾಗಿ ಕಟ್ಟಿ ಮೂಗಿನ ಮುಂದೆ ಹಿಡಿದರು. “ಈ ಕೈಗೆ ಒಂದು ಲೋಟ ಕೊಟ್ರೆ ಹಿಡ್ಕೊಳ್ಳುತ್ತಾ? ಹಿಡ್ಕೊಳ್ಳೋದಕ್ಕೆ ಮೊದಲು ಬಿಚ್ಚಬೇಕು. ನಿಮ್ಮ ಸ್ನಾಯು ಸೋತಿದೆ ಅಂತ ನೀವು ಅಂದ್ಕೊಂಡಿದ್ದೀರಿ. ಅದು ಸೋತಿಲ್ಲ, ದಣಿದಿದೆ. ಇಪ್ಪತ್ನಾಲ್ಕು ಗಂಟೆ ಡ್ಯೂಟಿ ಹಾಕಿದ್ದೀರಿ ಅದಕ್ಕೆ. ಸೀನು ಬಂದಾಗ ಇನ್ನಷ್ಟು ಬಿಗಿ ಅಂದ್ರೆ ಅದರ ಹತ್ರ ಏನಿದೆ? ಕೆಲವರಿಗೆ ಬಿಗಿಯೋದು ಕಲಿಸ್ತೀನಿ. ನಿಮಗೆ ಬಿಡೋದು ಕಲಿಸ್ಬೇಕು.”

ಎರಡು ವಾರ ಒಂದು ಸಲವೂ ಬಿಗಿಯಕೂಡದು ಎಂದು ಅಪ್ಪಣೆಯಾಯಿತು. ಕಣ್ಣು ಮುಚ್ಚಿ ಮಲಗಿ ಹೊಟ್ಟೆ ತುಂಬ ಉಸಿರು ಎಳೆದುಕೊಳ್ಳುವುದು, ಕೆಳಗಿನ ಜೋಲಿ ಉಸಿರಿನ ಜೊತೆ ಇಳಿಯುವುದನ್ನು ಗಮನಿಸುವುದು, ಇಷ್ಟೇ. ಮುನ್ನೂರು ಮಾಡುತ್ತಿದ್ದವಳಿಗೆ ಸೊನ್ನೆ ಮಾಡುವುದು ಮಹಾಕಷ್ಟವಾಯಿತು.

ಜೊತೆಗೆ ಒಂದು ಪುಸ್ತಕ ಇಡಲು ಹೇಳಿದರು. ಎಷ್ಟು ಗಂಟೆಗೆ ಹೋದೆ, ಎಷ್ಟು ಎಂ.ಎಲ್., ಆಗ ಏನಾಗಿತ್ತು ಎಂದು ಬರೆಯಬೇಕು. ಅಳೆಯಲು ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗು. ನಾಲ್ಕು ದಿನ ಶ್ರದ್ಧೆಯಿಂದ, ಎಂ.ಎಲ್. ಎಂದು ಹಾಕದೆ ಬರೀ ಅಂಕಿ ಬರೆದು ಫ್ರಿಜ್ಜಿನ ಮೇಲಿಟ್ಟೆ. ಐದನೆಯ ದಿನ ಕಚೇರಿಯಿಂದ ಬಂದರೆ, ಗುಡಗಾಂವದ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ನನ್ನ ಗಂಡ ಫ್ರಿಜ್ಜಿನ ಪಕ್ಕ ಹೊಸ ಸ್ಟೆಬಿಲೈಸರ್ ಕೂರಿಸಿ ಪ್ಲಗ್ ಹಾಕುತ್ತಿದ್ದರು.

“ಏನಿದು?”

“ನೀನು ಹೇಳಬಾರದಾಗಿತ್ತಾ? ಎಷ್ಟು ಚೆನ್ನಾಗಿ ರೀಡಿಂಗ್ ತಗೊಂಡಿದ್ದೀಯ! ಬೆಳಗ್ಗೆ ಏಳಕ್ಕೆ ನೂರೈವತ್ತು. ಒಂಬತ್ತಕ್ಕೆ ಎಂಬತ್ತು. ಒಂಬತ್ತೂ ನಲವತ್ತಕ್ಕೆ ಬರೀ ಅರವತ್ತು! ಈ ವೋಲ್ಟೇಜಲ್ಲಿ ಫ್ರಿಜ್ ಸುಟ್ಟುಹೋಗಲ್ವಾ?”

ನಾನು ಪುಸ್ತಕಕ್ಕೆ ಕೈ ಚಾಚಿದೆ.

“ಅದಿರಲಿ, ಈ ಸೀನು ಯಾರು?” ಎಂದರು ಪುಸ್ತಕ ತಿರುವಿ. “ಸೋಮವಾರ ಸೀನು ಮೂರು ಸಲ. ಮಂಗಳವಾರ ಸೀನು ಎರಡು ಸಲ. ಎಲೆಕ್ಟ್ರಿಷಿಯನ್ನಾ? ಕನ್ನಡದವನಾ? ಇಷ್ಟು ಸಲ ಬಂದು ಹೋಗಿದ್ದಾನೆ, ಸರಿ ಮಾಡೋಕಾಗ್ಲಿಲ್ವಾ ಅವನಿಗೆ?”

ಆಗ ನನಗೆ ನಗು ಬಂತು. ಎಷ್ಟು ತಿಂಗಳಿಂದ ತಡೆದಿಟ್ಟ ನಗು. ನಿಲ್ಲಿಸಲು ಆಗಲೇ ಇಲ್ಲ. ಬಟ್ಟೆಯೂ ಒದ್ದೆಯಾಯಿತು. ಅಲ್ಲಿಯೇ ಅಡುಗೆಮನೆಯ ನೆಲದ ಮೇಲೆ ಕುಳಿತು ಗಂಡನಿಗೆ ಎಲ್ಲವನ್ನೂ ಹೇಳಿದೆ, ನಾಮಪದಗಳ ಸಮೇತ. ಅವರು ಪುಸ್ತಕ ಮುಚ್ಚಿಟ್ಟು, “ನಾಲ್ಕು ವರ್ಷದಿಂದಲಾ?” ಎಂದರು. ಆಮೇಲೆ, “ಸ್ಟೆಬಿಲೈಸರ್ ಇರಲಿ. ಹೇಗೂ ಬೇಕಾಗಿತ್ತು” ಎಂದರು. ಅವರು ಪ್ರೀತಿಯನ್ನು ಹೇಳುವುದು ಹಾಗೆಯೇ.

ಈ ಕತೆ ಕೇಳಿ ಮೇಡಂ ಮೇಜು ಕುಟ್ಟಿ ನಕ್ಕರು. “ಅವರನ್ನ ಒಂದು ಸಲ ಕರ್ಕೊಂಡು ಬನ್ನಿ, ನಾನೇ ಸೀನು ಅಂತ ಪರಿಚಯ ಮಾಡ್ಕೋತೀನಿ” ಎಂದರು.

ಬಿಡುವುದು ಬಂದ ಮೇಲೆ ಹಿಡಿಯುವುದು ಶುರುವಾಯಿತು. ಅದಕ್ಕೆ ಮೇಡಂ ಬಳಿ ಅವರದೇ ಉಪಾಯಗಳಿದ್ದವು. ಅವರು ಓದಿದ ಪುಸ್ತಕಗಳಲ್ಲಿ ‘ಲಿಫ್ಟು ಒಂದೊಂದೇ ಮಹಡಿ ಏರುತ್ತಿದೆ ಎಂದು ಊಹಿಸಿಕೊಳ್ಳಿ’ ಎಂದು ಇರುತ್ತಿತ್ತಂತೆ. ಜನಕಪುರಿಯ ನಮ್ಮ ಫ್ಲಾಟುಗಳಿಗೆ ಲಿಫ್ಟೇ ಇರಲಿಲ್ಲ. ಆಂಟಿಯರು ಮೆಟ್ಟಿಲು ಏರುವುದನ್ನು ಊಹಿಸಿಕೊಂಡು ಏದುಸಿರು ಬಿಡುತ್ತಿದ್ದರು. ಆಗಷ್ಟೇ ನಮ್ಮ ಕಡೆಗೆ ಮೆಟ್ರೋ ಬಂದಿತ್ತು. ಮೇಡಂ ಲಿಫ್ಟ್ ಬಿಟ್ಟು ಮೆಟ್ರೋ ಹಿಡಿದರು. ಬಾಗಿಲು ಮುಚ್ಚುವ ಹಾಗೆ ನಿಧಾನವಾಗಿ ಮುಚ್ಚಿ, ಮೇಲಕ್ಕೆ ಎಳೆದುಕೊಳ್ಳಿ, ಹತ್ತರವರೆಗೆ ಎಣಿಸಿ, ಬಾಗಿಲು ತೆರೆಯುವ ಹಾಗೆ ನಿಧಾನವಾಗಿ ಬಿಡಿ. ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಬಾಗಿಲು ಎಡಕ್ಕೆ ತೆರೆಯುತ್ತದೆ ಎಂದು ಹಿಂದಿಯಲ್ಲಿ ಘೋಷಣೆ ಬರುತ್ತದಲ್ಲ, ಅದನ್ನು ಕೇಳಿ ಕೇಳಿ ಅಭ್ಯಾಸವಾದ ನಮ್ಮ ಪಕ್ಕದ ಮನೆಯ ಆಂಟಿ ಒಂದು ದಿನ ಚಿಂತೆಯ ಮುಖ ಮಾಡಿಕೊಂಡು ಕೇಳಿದರು: “ಮೇಡಂ ಜೀ, ಮುಚ್ಚೋದೆಲ್ಲ ಬಂತು. ಬಾಯೀ ತರಫ್ ಮಾತ್ರ ಹೇಗೆ ತೆರೆಯೋದು?” ಎಡಗಡೆಗೆ ತೆರೆಯುವುದು ಅವರಿಗೆ ಎಷ್ಟು ಪ್ರಯತ್ನಪಟ್ಟರೂ ಸಾಧ್ಯವಾಗಿರಲಿಲ್ಲವಂತೆ.

ಮೇಡಂಗೆ ಇನ್ನೊಂದು ಅಭ್ಯಾಸವಿತ್ತು. ತರಕಾರಿ ಮಾರ್ಕೆಟ್ಟಿನಲ್ಲಿ ಯಾವ ಪೇಷೆಂಟು ಕಂಡರೂ ಮಾತಾಡಿಸುತ್ತಿರಲಿಲ್ಲ. ದೂರದಿಂದಲೇ ಬಲಗೈ ಎತ್ತಿ, ಬೆರಳುಗಳನ್ನು ನಿಧಾನವಾಗಿ ಮುಚ್ಚಿ ಮುಷ್ಟಿ ಮಾಡಿ ಒಂದು ಗೇಣು ಮೇಲಕ್ಕೆತ್ತುತ್ತಿದ್ದರು. ‘ಇವತ್ತಿನದು ಮಾಡಿದಿರಾ?’ ಎಂದು ಅದರ ಅರ್ಥ. ಭಯ್ಯಾನ ಹತ್ತಿರ ಟೊಮೆಟೊ ಆರಿಸುತ್ತಿದ್ದ ಹೆಂಗಸು ತಟ್ಟನೆ ನೆಟ್ಟಗಾಗಿ, ಅವಳೂ ಮುಷ್ಟಿ ಎತ್ತಿ ತೋರಿಸುತ್ತಿದ್ದಳು. ಆಚೆ ಹೂಕೋಸಿನ ಗಾಡಿಯ ಬಳಿ ಇನ್ನೊಂದು ಮುಷ್ಟಿ ಏಳುತ್ತಿತ್ತು. ನನ್ನ ಗಂಡನಿಗೆ ವಿಷಯ ತಿಳಿಯುವ ಮೊದಲು ಅವರು ಮೇಡಂ ಯಾವುದೋ ಎಡಪಕ್ಷದ ಕಾರ್ಯಕರ್ತೆಯೆಂದೂ, ನಮ್ಮ ಬ್ಲಾಕಿನಲ್ಲಿ ಆ ಪಕ್ಷಕ್ಕೆ ಇಷ್ಟು ಬಲವಿರುವುದು ಆಶ್ಚರ್ಯವೆಂದೂ ನನ್ನೊಡನೆ ಹೇಳಿದ್ದರು.

ಶನಿವಾರ ಬೆಳಗ್ಗೆ ಎಂಟು ಹತ್ತು ಜನರನ್ನು ಸೇರಿಸಿ ತರಗತಿ ನಡೆಸುತ್ತಿದ್ದರು. ಒಂದು ಶನಿವಾರ ಹೋದರೆ ಬಾಗಿಲ ಬಳಿಯ ಕುರ್ಚಿಯಲ್ಲಿ, ದಿನಪತ್ರಿಕೆಯನ್ನು ಗೋಡೆಯ ಹಾಗೆ ಹಿಡಿದುಕೊಂಡು, ಒಬ್ಬ ಗಂಡಸು! ನಿವೃತ್ತ ಕರ್ನಲ್. ಎಪ್ಪತ್ತು ದಾಟಿದ, ಬಿಳಿ ಮೀಸೆಯ ಆರಡಿ ಆಳು. ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಅವರಿಗೂ ಹಿಡಿತ ತಪ್ಪಿತ್ತು. ಹೆಂಗಸರೆಲ್ಲ ದುಪಟ್ಟಾ ಎಳೆದುಕೊಂಡು ಗೋಡೆಗೆ ಅಂಟಿದರು. ಮೇಡಂ ಸೊಂಟದ ಮಾದರಿಯನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಕೇಳಿದರು: “ಈ ಸ್ನಾಯು ಹೆಂಗಸರಿಗೆ ಮಾತ್ರ ಇರುತ್ತೆ ಅಂತ ಯಾರು ಹೇಳಿದ್ದು? ಇಲ್ಲದಿದ್ರೆ ಇವರ ಕರುಳು ಯಾವತ್ತೋ ಗಡಿಯಲ್ಲೇ ಬಿದ್ದುಹೋಗಿರ್ತಿತ್ತು.”

ಪತ್ರಿಕೆಯ ಹಿಂದಿನಿಂದ “ಕರೆಕ್ಟ್” ಎಂಬ ದನಿ ಬಂತು.

ಮೂರನೆಯ ವಾರಕ್ಕೆ ಕರ್ನಲ್ ತರಗತಿಯ ಉಸ್ತುವಾರಿಯನ್ನೇ ವಹಿಸಿಕೊಂಡರು. ಮೇಡಂ ಮೆತ್ತಗೆ ‘ಹಿಡೀರಿ’ ಎಂದರೆ, ಅವರು ಪೆರೇಡ್ ಮೈದಾನಕ್ಕೆ ಕೇಳುವ ಹಾಗೆ “ಹೋ...ಲ್ಡ್!” ಎಂದು ಕೂಗುತ್ತಿದ್ದರು. ಆಮೇಲೆ ಹತ್ತರವರೆಗೆ ಎಣಿಕೆ. “ಉಸಿರು ಬಿಗಿ ಹಿಡಿದವರು ಯಾರು? ಎರಡನೇ ಸಾಲು, ನೀಲಿ ಸಲ್ವಾರ್ ಸೂಟ್!” ಹೆಂಗಸರು ನಗು ತಡೆಯಲಾರದೆ ಉರುಳಾಡುತ್ತಿದ್ದರು. ಮೇಡಂ ಅದನ್ನೇ ಹಿಡಿದುಕೊಂಡರು: “ಚೆನ್ನಾಗಿ ನಗಿ. ಇದೇ ನಿಮ್ಮ ಪರೀಕ್ಷೆ. ನಗೋದಕ್ಕೆ ಒಂದು ಕ್ಷಣ ಮುಂಚೆ ಬಾಗಿಲು ಮುಚ್ಚಿ, ಆಮೇಲೆ ಎಷ್ಟು ಬೇಕಾದ್ರೂ ನಗಿ.” ಮೂರು ತಿಂಗಳಾಗುವ ಹೊತ್ತಿಗೆ ನಾನು ಒಂದಿಡೀ ಶನಿವಾರ ನಕ್ಕು ಒಣಗಿದ ಬಟ್ಟೆಯಲ್ಲೇ ಮನೆಗೆ ಬಂದೆ. ದಾರಿಯುದ್ದಕ್ಕೂ ಸುಮ್ಮಸುಮ್ಮನೆ ಕೆಮ್ಮುತ್ತ ಬಂದೆ.

ಒಂದು ದಿನ ತರಗತಿ ಮುಗಿದು ಚಾಪೆ ಸುತ್ತಿಡುವಾಗ ಕೇಳಿದೆ. “ಮೇಡಂ, ಎಲ್ಲ ಬಿಟ್ಟು ನೀವು ಈ ಕೆಲಸಕ್ಕೆ ಹೇಗೆ ಬಂದ್ರಿ?”

“ಬಸ್ಸಲ್ಲಿ ಬಂದೆ” ಎಂದರು. ತಮಾಷೆ ಎಂದುಕೊಂಡೆ. ಅಲ್ಲ.

ಮಗನಿಗೆ ಎಂಟು ತಿಂಗಳು. ಮೇಡಂ ಆಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಟಗಾರರ ಭುಜ, ಮೊಣಕಾಲು ನೋಡುತ್ತಿದ್ದರು. ಕೆಲಸ ಮುಗಿಸಿ ತುಂಬಿದ ಬಸ್ಸಿನಲ್ಲಿ ನಿಂತು ಮನೆಗೆ ಬರುವಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಸೀರೆ, ಲಂಗ, ಚಪ್ಪಲಿ ಎಲ್ಲ ಒದ್ದೆ. ಕಾಲ ಬುಡದಲ್ಲಿ ನೀರು ಹರಿದು ಹಿಂದಿನ ಸೀಟಿನವರೆಗೆ ಹೋಯಿತು. ಕಂಡಕ್ಟರು, “ಯಾರದ್ದು ಪಾನೀ ಚೆಲ್ತು? ಬಾಟಲಿ ಸಂಭಾಲ್ಕೇ!” ಎಂದು ಕೂಗಿದ. ಮೇಡಂ ಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ, “ನನ್ನದು ಭಯ್ಯಾ, ಸಾರಿ” ಎಂದರು. ಮುಂದಿನ ನಿಲ್ದಾಣದಲ್ಲಿ ಇಳಿದು ಉಳಿದ ದಾರಿಯನ್ನೆಲ್ಲ ನಡೆದರು.

“ಆ ಬಾಟಲಿ ತುಂಬಿತ್ತು ಕಣ್ರೀ” ಎಂದರು ಚಾಪೆಯನ್ನು ಮೂಲೆಗೆ ನಿಲ್ಲಿಸುತ್ತ. “ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಅದನ್ನ ನೋಡಿದಳು. ಅವಳಿಗೆ ಗೊತ್ತಾಯ್ತು. ತನ್ನ ಶಾಲು ತೆಗೆದು ನನ್ನ ಸೊಂಟಕ್ಕೆ ಸುತ್ತಿದಳು. ಬಹುಶಃ ಅವಳಿಗೂ ಇತ್ತು.”

“ಡಾಕ್ಟರಿಗೆ ತೋರಿಸಲಿಲ್ವಾ?”

“ತೋರಿಸಿದೆ. ಮಗು ಆದ ಮೇಲೆ ಹಿಂಗೆಲ್ಲ ಆಗುತ್ತೆ ಅಂದ್ರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ನನ್ನ ಮೇಲೇ ಬಂತು. ಮನುಷ್ಯನ ಮೈಯಲ್ಲಿರೋ ಸ್ನಾಯುಗಳೆಲ್ಲ ನನಗೆ ಬಾಯಿಪಾಠ. ಇದೊಂದನ್ನ ಮಾತ್ರ ಪರೀಕ್ಷೆಗೆ ಬರಲ್ಲ ಅಂತ ಓದದೆ ಬಿಟ್ಟಿದ್ದೆ.”

ಆಮೇಲೆ ಓದಿದರು. ಎಲ್ಲಿಂದಲೋ ಪುಸ್ತಕ ತರಿಸಿ, ಜೆರಾಕ್ಸ್ ಮಾಡಿಸಿ, ತಮ್ಮ ಮೇಲೆಯೇ ಮೊದಲು ಪ್ರಯೋಗ ಮಾಡಿಕೊಂಡು ಕಲಿತರು.

ನಾಲ್ಕೈದು ವರ್ಷ ಕಳೆಯುವ ಹೊತ್ತಿಗೆ ಮೇಡಂ ಗಂಡ ಕೇಂದ್ರ ಸರ್ಕಾರದ ನೌಕರಿಯಿಂದ ನಿವೃತ್ತರಾದರು. ಇಬ್ಬರೂ ಮೈಸೂರಿಗೆ ಹೊರಟರು. ನಾವೆಲ್ಲ ಸೇರಿ ಬ್ಲಾಕಿನ ಸಮುದಾಯ ಭವನದಲ್ಲಿ ಸಮೋಸ, ಚಹಾ ಇಟ್ಟು ಒಂದು ಬೀಳ್ಕೊಡುಗೆ ಏರ್ಪಡಿಸಿದೆವು. ನಮ್ಮ ಜೊತೆಗೇ ಇದ್ದ ನನ್ನ ಅತ್ತೆಯನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಅತ್ತೆಗೆ ಆಗ ಅರವತ್ತೇಳು. ಹೊರಗೆ ಎಲ್ಲಿಗೂ ಬರುತ್ತಿರಲಿಲ್ಲ. ‘ನನಗೆ ಜನ ಸೇರೋಲ್ಲ’ ಎನ್ನುತ್ತಿದ್ದರು. ಬಹಳ ಬಿಗುಮಾನದ ಹೆಂಗಸು ಎಂದು ನಾನು ಮದುವೆಯಾದಾಗಿನಿಂದ ತಿಳಿದಿದ್ದೆ.

ನಿವಾಸಿಗಳ ಸಂಘದ ಅಧ್ಯಕ್ಷರು ಭಾಷಣ ಮಾಡಿದರು. ನಮ್ಮ ಕಾಲೋನಿಯ ಮಹಿಳೆಯರ ಬೆನ್ನು ಮತ್ತು ಸೊಂಟದ ನೋವನ್ನು ಮೇಡಂ ಬೇರುಸಹಿತ ಕಿತ್ತುಹಾಕಿದ್ದಾರೆ, ಇಷ್ಟು ಸೊಂಟನೋವು ದಿಲ್ಲಿಯ ಬೇರೆ ಯಾವ ಕಾಲೋನಿಯಲ್ಲೂ ಇರಲಿಲ್ಲ ಎಂದರು. ಎಲ್ಲರೂ ನೆಲ ನೋಡುತ್ತ ಚಪ್ಪಾಳೆ ತಟ್ಟಿದೆವು. ಆಗ ಹಿಂದಿನ ಸಾಲಿನಲ್ಲಿ ಕರ್ನಲ್ ಎದ್ದು ನಿಂತರು.

“ಗಲತ್” ಎಂದರು. ತಪ್ಪು. ಆಮೇಲೆ ಹಿಂದಿಯಲ್ಲಿ, ಆದೇಶ ಓದುವ ದನಿಯಲ್ಲಿ ಹೇಳಿದರು: “ನನಗೆ ಸೊಂಟನೋವು ಇರಲೇ ಇಲ್ಲ. ಆಪರೇಷನ್ ಆದ ಮೇಲೆ ಮೂತ್ರದ ಮೇಲೆ ನನಗೆ ಹಿಡಿತವಿರಲಿಲ್ಲ. ಮೊಮ್ಮಗನದೂ ನನ್ನದೂ ಡೈಪರು ಒಂದೇ ಅಂಗಡಿಯಿಂದ ಬರ್ತಿತ್ತು. ಯುದ್ಧ ನೋಡಿದವನು ನಾನು, ಮದುವೆ ಮನೆಗೆ ಹೋಗೋಕೆ ಹೆದರ್ತಿದ್ದೆ. ಈ ಹೆಣ್ಣುಮಗಳು ನನ್ನನ್ನ ಮನೆಯಿಂದ ಹೊರಗೆ ತಂದಳು. ಅಷ್ಟೇ. ಜೈ ಹಿಂದ್.”

ಅಧ್ಯಕ್ಷರ ಕೈಯಲ್ಲಿದ್ದ ಸಮೋಸ ಅಲ್ಲಿಯೇ ನಿಂತಿತು. ಪಕ್ಕದ ಮನೆಯ ಆಂಟಿ ಎದ್ದು “ನನಗೂ” ಎಂದರು. ಅವರ ಹಿಂದೆ ಇನ್ನೊಬ್ಬರು. ನಾನೂ ಎದ್ದೆ. ಅತ್ತೆಯ ಕಡೆ ನೋಡಲು ಧೈರ್ಯವಾಗದೆ, ಫ್ಯಾನಿನ ಕಡೆ ನೋಡುತ್ತ ನನ್ನ ಕತೆಯನ್ನು ಹಿಂದಿಯಲ್ಲಿ ಹೇಳಿದೆ. ಮೇಡಂ ಮಾತ್ರ ಕೊರಳಿನ ಚೆಂಡುಹೂವಿನ ಹಾರದ ಎಸಳು ಕೀಳುತ್ತ ಕುಳಿತಿದ್ದರು.

ಮನೆಗೆ ಬರುವಾಗ ಅತ್ತೆ ನನಗಿಂತ ನಾಲ್ಕು ಹೆಜ್ಜೆ ಹಿಂದೆಯೇ ಉಳಿದು ನಡೆದರು. ಮನೆತನದ ಮಾನ ಕಳೆದೆ ಎಂದು ಸಿಟ್ಟಾಗಿದ್ದಾರೆ ಎಂದುಕೊಂಡೆ. ಮಾರನೆಯ ಬೆಳಗ್ಗೆ ನಾನು ಕಾಫಿ ಕೊಡಲು ಹೋದಾಗ ಸ್ನಾನ ಮಾಡಿ, ಸೀರೆ ಉಟ್ಟು, ಮಂಚದ ತುದಿಯಲ್ಲಿ ಕುಳಿತಿದ್ದರು.

“ಅವರು ಇವತ್ತೇ ಹೊರಡೋದಾ?”

“ಹೌದು ಅತ್ತೆ. ಒಂಬತ್ತಕ್ಕೆ ಲಾರಿ ಹೊರಡುತ್ತೆ.”

“ಅಷ್ಟರೊಳಗೆ ನನ್ನನ್ನ ಕರ್ಕೊಂಡು ಹೋಗ್ತೀಯಾ?” ಎಂದರು. ನನ್ನ ಮುಖ ನೋಡದೆ ಹೇಳಿದರು: “ನನ್ನ ಕೊನೇ ಹೆರಿಗೆಯಿಂದ ಒಂದು ಗಡ್ಡೆ ಕೆಳಗೆ ಇಳಿಯುತ್ತೆ. ಸಂಜೆ ಆಗ್ತಾ ಆಗ್ತಾ ಜಾಸ್ತಿ. ಬಟ್ಟೆ ಕಟ್ಕೋತೀನಿ. ಕೆಟ್ಟ ಕಾಯಿಲೆ, ಇವತ್ತೋ ನಾಳೆಯೋ ಸಾಯ್ತೀನಿ ಅಂದ್ಕೊಂಡಿದ್ದೆ. ಮೂವತ್ತೈದು ವರ್ಷ ಆಯ್ತು.”

ನಾನು ಕಾಫಿ ಲೋಟ ಕೆಳಗಿಟ್ಟೆ. ಆ ಬಿಗುಮಾನ ಬಿಗುಮಾನವಾಗಿರಲಿಲ್ಲ.

ನಾವು ಹೋದಾಗ ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಲಾರಿ ಬಂದು ನಿಂತಿತ್ತು. ನನ್ನ ಎರಡು ವಾಕ್ಯ ಕೇಳಿದ್ದೇ ಮೇಡಂ ತಮ್ಮ ಗಂಡನಿಗೆ, “ರೀ, ಡ್ರೈವರ್‌ಗೆ ಚಹಾ ಕುಡಿಸಿ. ನೀವೂ ಕುಡೀರಿ. ನಾನು ಕರೆಯೋವರೆಗೆ ಯಾರೂ ಒಳಗೆ ಬರಬೇಡಿ” ಎಂದರು. ಮಂಚ ಬಿಚ್ಚಿಯಾಗಿತ್ತು. ಹಾಸಿಗೆಗಳ ಗಂಟು ಬಿಚ್ಚಿ ನೆಲದ ಮೇಲೆ ಹಾಸಿದರು. ಸೊಂಟದ ಮಾದರಿ ಯಾವ ಪೆಟ್ಟಿಗೆಯಲ್ಲಿದೆ ಎಂದು ಗೊತ್ತಿಲ್ಲದೆ ಮೂರು ಪೆಟ್ಟಿಗೆ ಹರಿದರು. ಮೊದಲೆರಡರಲ್ಲಿ ಪಾತ್ರೆ.

“ಅಮ್ಮಾ, ನಿಮಗೆ ಆಗಿರೋದು ಕೆಟ್ಟ ಕಾಯಿಲೆ ಇದ್ದ ಹಾಗೆ ಕಾಣಲ್ಲ” ಎಂದು ಪರೀಕ್ಷೆ ಮಾಡಿ ಹೇಳಿದರು. “ಗರ್ಭಕೋಶ ಜಾರಿದೆ. ಕೆಳಗಿನ ಆಸರೆ ಸಡಿಲ ಆಗಿ ಹೀಗಾಗುತ್ತೆ. ಬಹಳ ಜನಕ್ಕೆ ಆಗುತ್ತೆ. ಒಬ್ಬರು ಒಳ್ಳೆ ಲೇಡಿ ಡಾಕ್ಟರ್‌ಗೆ ಬರೆದುಕೊಡ್ತೀನಿ, ಅವರು ಎಲ್ಲ ನೋಡ್ತಾರೆ. ಸದ್ಯಕ್ಕೆ ಆಪರೇಷನ್ ಬೇಡ ಅಂದ್ರೆ ಒಳಗೆ ಒಂದು ಉಂಗುರ ಕೂರಿಸಿ ಎತ್ತಿ ಹಿಡೀತಾರೆ. ವ್ಯಾಯಾಮ ನಾನು ಹೇಳ್ಕೊಡ್ತೀನಿ.”

“ಸಾಯಲ್ವಾ?” ಎಂದು ಅತ್ತೆ ಕೇಳಿದರು.

“ಯಾವತ್ತಾದ್ರೂ ಸಾಯ್ತೀರಿ, ಇದರಿಂದ ಅಲ್ಲ.”

ಅತ್ತೆ ಸೆರಗು ಮುಖಕ್ಕೆ ಹಿಡಿದು ಅಳತೊಡಗಿದರು. ಮೇಡಂ ಅವರ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೆಯೇ ಕುಳಿತರು. ಹೊರಗೆ ಲಾರಿಯವನು ಒಂದು ಸಲ ಹಾರ್ನ್ ಹೊಡೆದ. ಮೇಡಂ ಕಿಟಕಿ ತೆರೆದು ಹಿಂದಿಯಲ್ಲಿ ಅವನಿಗೆ ಏನು ಹೇಳಿದರೋ, ಮತ್ತೆ ಹೊಡೆಯಲಿಲ್ಲ. ಒಂಬತ್ತಕ್ಕೆ ಹೊರಡಬೇಕಾದ ಲಾರಿ ಹನ್ನೊಂದೂವರೆಗೆ ಹೊರಟಿತು.

ಲೇಡಿ ಡಾಕ್ಟರು ಉಂಗುರ ಕೂರಿಸಿದರು. ಒಂದು ವರ್ಷ ಪ್ರತಿ ಭಾನುವಾರ ಮೇಡಂ ಮೈಸೂರಿನಿಂದ ಫೋನಿನಲ್ಲಿ ಅತ್ತೆಗೆ ವ್ಯಾಯಾಮ ಮಾಡಿಸಿದರು. ಕೋಣೆಯ ಬಾಗಿಲು ಹಾಕಿಕೊಂಡು ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅತ್ತೆ ಪಾರ್ಕಿನಲ್ಲಿ ನಡೆಯತೊಡಗಿದರು. ಪಾರ್ಕಿನ ಹೆಂಗಸರ ಜೊತೆ ಹರಿದ್ವಾರಕ್ಕೆ ಹೋಗಿ ಬಂದರು. ಆಮೇಲೆ ನಮಗೆ ಹೇಳದೆಯೇ ಅಮೃತಸರಕ್ಕೂ ಹೋಗಿ ಬಂದರು. ಹಿಂದಿ ಬರುವುದಿಲ್ಲ ಎನ್ನುತ್ತಿದ್ದವರು ಆಟೋದವನೊಡನೆ ಪಂಜಾಬಿಯಲ್ಲಿ ಜಗಳವಾಡುವುದನ್ನು ನಾನೇ ಕೇಳಿದ್ದೇನೆ.

ಹೋದ ವಾರ ಮೇಡಂಗೆ ಫೋನ್ ಮಾಡಿದ್ದೆ. ಈಗ ಎಪ್ಪತ್ತರ ಹತ್ತಿರ. ಕೆಲಸ ನಿಲ್ಲಿಸಿದ್ದಾರೆ. ದನಿ ಮಾತ್ರ ಹಾಗೆಯೇ ಇದೆ.

“ಒಂದು ತಮಾಷೆ ಹೇಳ್ತೀನಿ ಕೇಳಿ” ಎಂದರು. “ಈಚೆಗೆ ನನಗೇ ಸ್ವಲ್ಪ ಹೆಚ್ಚುಕಮ್ಮಿ ಆಗ್ತಿತ್ತು. ನಮ್ಮ ಬಡಾವಣೇಲಿ ಒಬ್ಬಳು ಹೊಸ ಹುಡುಗಿ ಕ್ಲಿನಿಕ್ ಹಾಕಿದ್ದಾಳೆ. ಇದೇ ಕೆಲಸ. ನೋಡೋಕೆ ಮೊಮ್ಮಗಳ ಹಾಗಿದ್ದಾಳೆ. ಹೋಗಿ ತೋರಿಸ್ಕೊಂಡೆ. ನಾನು ಯಾರು ಅಂತ ಹೇಳಲಿಲ್ಲ.”

“ಏನಂದಳು?”

“ಆಂಟಿ, ನಿಮ್ಮದು ಎಡಗಡೆ ಪೂರ್ತಿ ಸಡಿಲ ಇದೆ, ಬಲಗಡೆ ಒಂದೇ ಎಲ್ಲ ಕೆಲಸ ಮಾಡ್ತಿದೆ, ಬಹುಶಃ ಹೆರಿಗೆ ಆದಾಗಿನಿಂದ್ಲೂ ಹೀಗೇ ಇರಬೇಕು ಅಂದಳು. ನನಗೆ ಗೊತ್ತೇ ಇರಲಿಲ್ಲ!”

“ನಿಮಗೆ ಗೊತ್ತಿರಲಿಲ್ವಾ ಮೇಡಂ?”

“ಹೇಗೆ ಗೊತ್ತಾಗುತ್ತೆ? ಇಷ್ಟು ವರ್ಷ ಊರಿಗೆಲ್ಲ ನಾನೇ ನೋಡಿದೆ. ನನ್ನನ್ನ ಯಾರೂ ನೋಡಿರಲಿಲ್ಲ ಕಣ್ರೀ.”

ಆ ಕಡೆ ಮೇಡಂ ಖುಷಿಯಲ್ಲಿದ್ದರು. ಹುಡುಗಿ ಬಹಳ ಚುರುಕು, ಕೈ ತುಂಬ ಮೆತ್ತಗೆ, ವಾರಕ್ಕೆರಡು ಸಲ ಬರಲು ಹೇಳಿದ್ದಾಳೆ, ಮನೆಯಲ್ಲಿ ಮಾಡಲು ಕಾಗದದ ಮೇಲೆ ಬರೆದ ಪಾಠ ಕೊಟ್ಟಿದ್ದಾಳೆ ಎಂದೆಲ್ಲ ಹೇಳಿದರು. ಅಷ್ಟರಲ್ಲಿ ಅವರ ಮನೆಯ ಮುಂದೆ ಆಟೋ ಬಂದು ನಿಂತ ಸದ್ದಾಯಿತು. “ಇಡ್ತೀನಿ, ಲೇಟಾದ್ರೆ ಬೈತಾಳೆ” ಎಂದು ಅವಸರದಲ್ಲಿ ಫೋನ್ ಇಟ್ಟರು.